ನಮ್ಮ ಓಟದ ಬಂಡಿಯನ್ನು ಮಾರಿದ್ದು

ಸಂಸಾರಿಗಳಾದವರು ಜೀವಮಾನದಲ್ಲಿ ಒಮ್ಮೆಯಾದರೂ ಏನನ್ನಾದರೂ ಮಾರಲೇಬೇಕಾಗುತ್ತದೆ. ಕೆಲವರು ಹೊಲ ಮಾರುತ್ತಾರೆ; ಕೆಲವರು ಮನೆ ಮಾರುತ್ತಾರೆ; ಕಷ್ಟ ಬಂದಾಗ ಮನೆಯಾಕೆಯ ಕೈಬಳೆಯೂ ಅಂಗಡಿಯ ತಕ್ಕಡಿಯನ್ನು ಏರುವುದುಂಟು. ಕೊಳ್ಳುವಾಗ ಮೋಸಹೋಗದಂತೆ ಹಿರಿಯರು ನಮಗೆ ಬುದ್ಧಿ ಹೇಳಿರುತ್ತಾರೆ. ಮಾರುವಾಗ ಹೇಗಿರಬೇಕೆಂಬುದನ್ನು ಮಾತ್ರ ಬಹುಮಂದಿ ಅನುಭವದಿಂದಲೇ ಕಲಿಯಬೇಕು. ನಾವು ಹೋದ ವರ್ಷದ ಅಕ್ಟೋಬರಿನಲ್ಲಿ ಒಂದು ಬಂಡಿಯನ್ನು ಮಾರಿದೆವು. ವಾಚಕರಲ್ಲಿ ಅನೇಕರಿಗೆ ಅಂಥ ಬಂಡಿಯ ಗೊಡವೆಯೇ ಇರಲಾರದು. ಆದರೆ ಅದನ್ನು ಮಾರುವಾಗ ನಮಗೆ ಬಂದ ಧರ್ಮಸಂಕಟ ಎಲ್ಲ ಮನೆಗಳಿಗೂ ಬರುವಂಥದೇ ಆದ್ದರಿಂದ ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ನಾವಿರುವುದು ಅಮೆರಿಕದ ಮಿಶಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದ ಉತ್ತರಕ್ಕಿರುವ ಟ್ರಾಯ್ ಎಂಬ ಊರಿನಲ್ಲಿ. ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಹೊರಟು ೧೯೭೬ರಲ್ಲಿ ಇಲ್ಲಿಗೆ ಬಂದು, ಮೋಟಾರಿನ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದು ವಿಶ್ರಾಂತರಾದೆವು. ನಾವು ಮಾರಿದ ಬಂಡಿಯು ೧೯೭೦ನೆಯ ಇಸವಿಯ ಷೆವರ್ಲೆ ಸಿ-೧೦ ಎಂಬ ಪಿಕಪ್ಪು. ಮುಂದೆ ಮೂವರು ಒತ್ತಾಗಿ ಕೂರಬಹುದಾದ ಒಂದೇ ಉದ್ದನೆಯ ಆಸನ. ಹಿಂದೆ ಸರಕು ಹೇರುವುದಕ್ಕೆ ಬಾಯ್ತೆರೆದ ತೊಟ್ಟಿ. ನಮ್ಮ ರೈತನಿಗೆ ಎತ್ತಿನ ಗಾಡಿ ಹೇಗೋ ಇಲ್ಲಿಯ ರೈತನಿಗೆ ಪಿಕಪ್ಪು ಹಾಗೆ. ಹುಲ್ಲು, ಗೊಬ್ಬರ, ಸೌದೆ, ಕರು, ಎಲ್ಲಕ್ಕೂ ಅದೇ. ೧೯೬೭ರಿಂದ ೧೯೭೨ರವರೆಗೆ ತಯಾರಾದ ಈ ಆಕಾರದ ಪಿಕಪ್ಪುಗಳನ್ನು ಕಂಡರೆ ಇಲ್ಲಿಯ ಜನರಿಗೆ ಇಂದಿಗೂ ಅಕ್ಕರೆ.

ಆದರೆ ನಮ್ಮ ಪಿಕಪ್ಪು ಗೊಬ್ಬರ ಹೊರುವ ಕಾಲ ಎಂದೋ ಕಳೆದುಹೋಗಿತ್ತು. ಅದು ಓಟದ ಬಂಡಿಯಾಗಿತ್ತು. ಅಂಗಡಿಯ ಬೀದಿಗೂ ಹೋಗಬಲ್ಲದು, ಪಂದ್ಯದ ಮೈದಾನಕ್ಕೂ ಹೋಗಬಲ್ಲದು ಎಂಬಂತೆ ಅದನ್ನು ಮಾರ್ಪಡಿಸಿದ್ದೆವು. ಕನ್ನಡ ಕೂಟದ ಸಮಾರಂಭಕ್ಕೆ ಒಮ್ಮೆ ಅದರಲ್ಲಿಯೇ ಬಿಸಿಬೇಳೆ ಹುಳಿಯನ್ನದ ಪಾತ್ರೆಗಳನ್ನು ಒಯ್ದಾಗ, ಅದರ ಗುಡುಗು ಕೇಳಿ ಸ್ನೇಹಿತರೆಲ್ಲರೂ ಹೊರಗೆ ಬಂದು ನಿಂತರು. "ಏನು ಸ್ವಾಮಿ, ಈ ವಯಸ್ಸಿನಲ್ಲಿ ಇದೆಂಥ ಹುಚ್ಚು?" ಎಂದು ಒಬ್ಬರು ನಕ್ಕರು. ನಾವೂ ನಕ್ಕೆವು. ಬಂಡಿ ನಮ್ಮ ಮನೆಗೆ ಬಂದ ಕಾರಣವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆ ಕಾರಣವಿದು. ನಮ್ಮ ಊರಿನ ಪಕ್ಕದಲ್ಲಿ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿಯಿದೆ. ಡೆಟ್ರಾಯಿಟಿನ ನಡುವಿನಿಂದ ಹೊರಟು ಪಾಂಟಿಯಾಕ್ ಎಂಬ ಊರಿಗೆ ಹೋಗುವ ಅಗಲವಾದ ನೇರವಾದ ದಾರಿ. ೧೯೬೦ರ ದಶಕದಲ್ಲಿ ರಾತ್ರಿಯ ಹೊತ್ತು ಈ ದಾರಿಯಲ್ಲಿ ತರುಣರು ಕೆಂಪು ದೀಪದ ಬಳಿ ಅಕ್ಕಪಕ್ಕ ನಿಂತು, ಹಸಿರು ಬಿದ್ದೊಡನೆ ಪಂದ್ಯ ಕಟ್ಟಿ ಮೋಟಾರುಗಳನ್ನು ಓಡಿಸುತ್ತಿದ್ದರು. ೧೯೯೫ರಿಂದ ಪ್ರತಿ ಆಗಸ್ಟಿನಲ್ಲಿ ಅದೇ ದಾರಿಯಲ್ಲಿ ಹಳೆಯ ಮೋಟಾರುಗಳ ದೊಡ್ಡ ಉತ್ಸವ ನಡೆಯುತ್ತದೆ. ನಮ್ಮ ಕಡೆಯ ತೇರಿಗೆ ಸೇರುವಂತೆ ಜನ ಸೇರುತ್ತಾರೆ. ಉತ್ಸವವನ್ನು ಹಗಲಿನಲ್ಲಿ ನೋಡಿದ ಹುಡುಗರಿಗೆ ರಾತ್ರಿ ಸುಮ್ಮನಿರುವುದು ಕಷ್ಟ.

೨೦೦೧ರ ಬೇಸಗೆಯ ಒಂದು ರಾತ್ರಿ, ಹನ್ನೆರಡು ಗಂಟೆಯ ಮೇಲೆ, ನಮ್ಮ ಮನೆಗೆ ಪೊಲೀಸರ ದೂರವಾಣಿ ಬಂದಿತು. ಹದಿನೇಳು ವರ್ಷದ ನಮ್ಮ ಮಗ ಸಂಸಾರದ ಕಾರನ್ನು ಒಯ್ದು ತನ್ನ ಸಹಪಾಠಿಯೊಡನೆ ಆ ದಾರಿಯಲ್ಲಿ ಓಟ ಹೂಡಿದ್ದನು. ನಮ್ಮ ಮಗನಿಗೆ ಏನೂ ಆಗಲಿಲ್ಲ. ಪಕ್ಕದ ಕಾರು ಜಾರಿ ದೀಪದ ಕಂಬಕ್ಕೆ ಬಡಿಯಿತು. ಅದರಲ್ಲಿದ್ದ ಹುಡುಗ ಬದುಕಿದನು. ಆದರೆ ಬಲಗಾಲು ಮೊದಲಿನಂತಾಗಲಿಲ್ಲ. ಇಂದಿಗೂ ಕೋಲು ಹಿಡಿದೇ ನಡೆಯುತ್ತಾನೆ.

ಮನೆಗೆ ಬಂದ ಮೇಲೆ ನಾವು ಮಗನ ಮೇಲೆ ಕೈಯೆತ್ತುವವರಿದ್ದೆವು. ನಮ್ಮ ಮನೆಯಾಕೆ ತಡೆದಳು. ಆ ಬೇಸಗೆ ಪೂರ್ತಿ ಅವನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ, ಊಟ ಮಾಡಲಿಲ್ಲ. ಕಾರಿನ ಬೀಗದಕೈಯನ್ನು ನಾವು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಿದ್ದೆವು. ಚಳಿಗಾಲ ಬಂದಾಗ ಒಂದು ರಾತ್ರಿ ಆಕೆ ಹೇಳಿದಳು: "ರೀ, ಬೀಗದಕೈ ಮುಚ್ಚಿಟ್ಟರೆ ಎಷ್ಟು ದಿನ? ಇನ್ನೊಂದು ವರ್ಷಕ್ಕೆ ಅವನು ತಾನೇ ಒಂದು ಕಾರು ಕೊಳ್ಳುತ್ತಾನೆ. ಓಡಿಸಬೇಡವೆಂದರೆ ಕೇಳುವವನಲ್ಲ. ಎಲ್ಲಿ ಓಡಿಸಬೇಕು ಎಂಬುದನ್ನು ನೀವು ಜೊತೆಗಿದ್ದು ತೋರಿಸಿ."

ಮೋಟಾರಿನ ವಿಷಯ ಏನೂ ತಿಳಿಯದ ಆಕೆಯ ಮಾತು ಈ ದೇಶದ ಮೋಟಾರು ಓಟದ ಚರಿತ್ರೆಯನ್ನೇ ಹೇಳಿಬಿಟ್ಟಿತ್ತೆಂದು ನಮಗೆ ತಿಳಿದದ್ದು ಆಮೇಲೆ. ಕ್ಯಾಲಿಫೋರ್ನಿಯದ ತರುಣರು ೧೯೩೦ರ ದಶಕದಲ್ಲಿ ಹಳೆಯ ಫೋರ್ಡ್ ಕಾರುಗಳ ಭಾರ ಕಳಚಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಆಟ ಊರ ಬೀದಿಗಳಿಗೆ ಹೆಚ್ಚಾಗಿ ಇಳಿಯಿತು, ಸಾವುನೋವುಗಳಾದವು, ಪತ್ರಿಕೆಗಳೂ ಪೊಲೀಸರೂ ಈ ಹುಡುಗರನ್ನು ಪುಂಡರೆಂದು ಕರೆದರು. ಆಗ ಕೆಲವರು ಹುಡುಗರನ್ನು ಬಯ್ಯುವುದಕ್ಕಿಂತ ಅವರಿಗೊಂದು ಜಾಗ ಮಾಡಿಕೊಡುವುದು ಲೇಸೆಂದು ಯೋಚಿಸಿದರು. ೧೯೫೦ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ದಾರಿಯ ಮೇಲೆ ವಾರವಾರವೂ ಓಟ ನಡೆಯತೊಡಗಿತು. ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬ ಪತ್ರಿಕಾ ಸಂಪಾದಕರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಓಟಕ್ಕೆ ನಿಯಮಗಳನ್ನೂ ಬಂಡಿಗಳಿಗೆ ಸುರಕ್ಷತೆಯ ಪರೀಕ್ಷೆಯನ್ನೂ ಏರ್ಪಡಿಸಿದರು. ಆ ಸಂಸ್ಥೆಯ ರಾಷ್ಟ್ರೀಯ ಪಂದ್ಯ ೧೯೫೯ರಲ್ಲಿಯೂ ೧೯೬೦ರಲ್ಲಿಯೂ ನಮ್ಮ ಡೆಟ್ರಾಯಿಟಿನಲ್ಲಿಯೇ ನಡೆದಿತ್ತು.

ಹೀಗೆ ೨೦೦೨ರ ವಸಂತದಲ್ಲಿ ಒಹಾಯೋ ಗಡಿಯ ಕಡೆಯ ಒಬ್ಬ ರೈತನಿಂದ ೨,೮೦೦ ಡಾಲರಿಗೆ ಈ ಪಿಕಪ್ಪನ್ನು ಕೊಂಡು ತಂದೆವು. ಮಗನೂ ನಾವೂ ಮೂರು ವರ್ಷ, ಶನಿವಾರ ಭಾನುವಾರಗಳಲ್ಲಿ, ಗ್ಯಾರೇಜಿನಲ್ಲಿ ಅದರ ಕೆಳಗೆ ಬೆನ್ನಮೇಲೆ ಮಲಗಿ ಕೆಲಸ ಮಾಡಿದೆವು. ಅದರಲ್ಲಿದ್ದ ಆರು ಸಿಲಿಂಡರಿನ ೨೫೦ ಘನ ಅಂಗುಲದ ಎಂಜಿನ್ನನ್ನು ತೆಗೆದು, ಎಂಟು ಸಿಲಿಂಡರಿನ ೪೫೪ ಘನ ಅಂಗುಲದ ಎಂಜಿನ್ನನ್ನು ಕೂರಿಸಿದೆವು. ಶಕ್ತಿ ಹೆಚ್ಚಾದ ಮೇಲೆ ಅದನ್ನು ತಡೆಯುವ ಉಪಾಯವೂ ಬೇಕಲ್ಲವೆ? ಆ ವರ್ಷದ ಬಂಡಿಗಳಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕುಗಳೇ ಇದ್ದವು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳು ಬಂದದ್ದು ೧೯೭೧ರಲ್ಲಿ. ನಾವು ಅವನ್ನು ಹುಡುಕಿ ತಂದು ಹಾಕಿದೆವು. ಇನ್ನೊಂದು ವಿಷಯ ನಮ್ಮ ಮನೆಯಾಕೆಯನ್ನು ಬೆಚ್ಚಿಬೀಳಿಸಿತು. ಈ ಪಿಕಪ್ಪುಗಳಲ್ಲಿ ಪೆಟ್ರೋಲಿನ ತೊಟ್ಟಿ ಇರುವುದು ಚಾಲಕನ ಬೆನ್ನ ಹಿಂದೆ, ಆಸನಕ್ಕೂ ಹಿಂಗೋಡೆಗೂ ನಡುವೆ! "ಒಲೆಯ ಮೇಲೆ ಕೂತ ಹಾಗೆ" ಎಂದಳು ಆಕೆ. ಅದನ್ನು ಅಲ್ಲಿಂದ ಕಿತ್ತು, ಹಿಂದಿನ ಸರಕಿನ ತೊಟ್ಟಿಯ ಕೆಳಗೆ ಹೊಸದೊಂದನ್ನು ಕಟ್ಟಿದ ಮೇಲೆಯೇ ಆಕೆ ಬಂಡಿಯನ್ನು ಹತ್ತಿದ್ದು.

ಪಿಕಪ್ಪಿಗೆ ಓಟದಲ್ಲಿ ಒಂದು ಸಹಜವಾದ ಕುಂದುಂಟು. ಭಾರವಾದ ಎಂಜಿನ್ನು ಮುಂದೆ. ತಳ್ಳುವ ಚಕ್ರಗಳು ಹಿಂದೆ. ಹಿಂದಣ ತೊಟ್ಟಿ ಬರಿದು. ಕಾಲೊತ್ತಿದೊಡನೆ ಹಿಂದಿನ ಚಕ್ರಗಳು ಹಿಡಿತವಿಲ್ಲದೆ ನಿಂತಲ್ಲಿಯೇ ತಿರುಗಿ ಹೊಗೆಯೆಬ್ಬಿಸುತ್ತವೆ. ಬಂಡಿ ಮುಂದೆ ಹೋಗುವುದಿಲ್ಲ. ಬ್ಯಾಟರಿಯನ್ನು ಹಿಂದಕ್ಕೆ ಸಾಗಿಸಿ, ಸ್ಪ್ರಿಂಗುಗಳನ್ನು ಬದಲಿಸಿ, ಮೃದುವಾದ ಅಗಲದ ಟಯರುಗಳನ್ನು ಹಾಕಿ, ಅದು ನೆಲ ಹಿಡಿಯುವಂತೆ ಮಾಡುವುದಕ್ಕೆ ಎರಡು ಬೇಸಗೆ ಹಿಡಿಯಿತು. ಈ ಎರಡು ಬೇಸಗೆಗಳಲ್ಲಿ ಮಗನು ಮತ್ತೆ ನಮ್ಮೊಡನೆ ಮಾತನಾಡಲು ತೊಡಗಿದನು. ಮೊದಲು "ಆ ಹನ್ನೆರಡನೆಯ ನಂಬರಿನ ಸ್ಪ್ಯಾನರು ಕೊಡಿ ಅಪ್ಪ" ಎಂಬಷ್ಟೇ ಮಾತು. ಆಮೇಲೆ ಕಾಲೇಜಿನ ಮಾತು. ಕೊನೆಗೊಂದು ಸಂಜೆ, ಬಂಡಿಯ ಕೆಳಗೆ ಮಲಗಿದ್ದ ಹಾಗೆಯೇ, ನಮ್ಮ ಮುಖ ನೋಡದೆ, ಆ ರಾತ್ರಿಯ ಮಾತು.

ಓಟವೆಂದರೆ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಡೆಟ್ರಾಯಿಟಿನ ನೈರುತ್ಯಕ್ಕೆ ಮೈಲನ್ ಎಂಬ ಊರಿನಲ್ಲಿ ಇದಕ್ಕಾಗಿಯೇ ಮಾಡಿದ ನೇರವಾದ ದಾರಿಯಿದೆ. ಓಟದ ಉದ್ದ ಕಾಲು ಮೈಲಿ, ಅಂದರೆ ೧,೩೨೦ ಅಡಿ. ಎರಡು ಬಂಡಿಗಳು ಅಕ್ಕಪಕ್ಕ ನಿಲ್ಲುತ್ತವೆ. ನಡುವೆ ದೀಪಗಳ ಕಂಬ. ಹಳದಿ ದೀಪಗಳು ಮೇಲಿನಿಂದ ಕೆಳಕ್ಕೆ ಒಂದಾದಮೇಲೊಂದು ಹೊತ್ತಿ, ಕೊನೆಗೆ ಹಸಿರು ಹೊತ್ತುತ್ತದೆ. ಮುಂಚೆಯೇ ಹೊರಟವನಿಗೆ ಕೆಂಪು, ಅವನು ಸೋತ. ಓಟ ಮುಗಿದೊಡನೆ ಒಂದು ಚೀಟಿ ಕೊಡುತ್ತಾರೆ. ಮೊದಲ ಅರುವತ್ತು ಅಡಿಗೆ ಎಷ್ಟು ಕಾಲ, ಪೂರ್ತಿ ದೂರಕ್ಕೆ ಎಷ್ಟು, ಕೊನೆಯಲ್ಲಿ ವೇಗವೆಷ್ಟು ಎಂಬುದೆಲ್ಲ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅದರಲ್ಲಿರುತ್ತದೆ. ನಮ್ಮ ಪಿಕಪ್ಪಿನ ಉತ್ತಮ ಕಾಲ ೧೨.೪೦ ಸೆಕೆಂಡು, ವೇಗ ಗಂಟೆಗೆ ೧೦೮ ಮೈಲಿ.

ಸಾಮಾನ್ಯ ಗೃಹಸ್ಥರು ಆಡುವ ಪಂದ್ಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಓಟಕ್ಕೆ ಮುಂಚೆ ಪ್ರತಿಯೊಬ್ಬನೂ ತನ್ನ ಬಂಡಿ ಎಷ್ಟು ಸೆಕೆಂಡಿನಲ್ಲಿ ಓಡುವುದೆಂದು ತಾನೇ ಹೇಳಿ, ಆ ಅಂಕಿಯನ್ನು ಕಾರಿನ ಗಾಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿಳಿಯ ಬಣ್ಣದಲ್ಲಿ ಬರೆಯಬೇಕು. ನಾವು ೧೨.೪೦ ಎಂದೂ ಎದುರಾಳಿ ೧೧.೨೦ ಎಂದೂ ಬರೆದರೆ, ನಮಗೆ ಹಸಿರು ದೀಪ ೧.೨೦ ಸೆಕೆಂಡು ಮುಂಚೆ ಸಿಗುತ್ತದೆ. ಹೀಗಾಗಿ ಹಳೆಯ ಬಂಡಿಯೂ ಹೊಸ ಬಂಡಿಯೂ ಸಮನಾಗಿ ಸೆಣಸಬಹುದು. ಆದರೆ ಹೇಳಿದ್ದಕ್ಕಿಂತ ಬೇಗ ಓಡಿದವನು ಸೋತಂತೆ! ನಿಧಾನವೆಂದು ಸುಳ್ಳು ಹೇಳಿ ಮೊದಲು ಹೊರಟು ಗೆಲ್ಲುವ ಹಂಚಿಕೆ ಇಲ್ಲಿ ಸಾಗದು. ತನ್ನ ಬಂಡಿಯ ಯೋಗ್ಯತೆಯನ್ನು ತಾನೇ ಸರಿಯಾಗಿ ಅರಿತು, ಇದ್ದುದನ್ನು ಇದ್ದಂತೆ ಬರೆದು, ಬರೆದಂತೆ ನಡೆದವನಿಗೆ ಜಯ. ಈ ನಿಯಮವನ್ನು ಕೇಳಿದಾಗ ನಮ್ಮ ಮನೆಯಾಕೆ, "ಇದೊಂದು ಒಳ್ಳೆಯದು, ಹಾಗಾದರೆ" ಎಂದಳು.

ಮಗ ದೊಡ್ಡವನಾದನು, ಮದುವೆಯಾಗಿ ಸಿಯಾಟಲ್ ನಗರಕ್ಕೆ ಹೋದನು. ಅವನು ಬಂದಾಗ ವರ್ಷಕ್ಕೊಮ್ಮೆ ಮೈಲನ್ನಿಗೆ ಹೋಗುತ್ತಿದ್ದೆವು. ಆಮೇಲೆ ಅದೂ ತಪ್ಪಿತು. ನಮಗೆ ಎಪ್ಪತ್ತು ಕಳೆಯಿತು; ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಾಯಿತು; ಹಸಿರು ದೀಪ ಕಂಡ ಮೇಲೆ ಕಾಲು ಕದಲುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆಯೆಂದು ಚೀಟಿಯೇ ಹೇಳತೊಡಗಿತು. ಮೆಟ್ಟಿಲಿಲ್ಲದ ಸಣ್ಣ ಮನೆಗೆ ಹೋಗುವುದೆಂದು ನಿಶ್ಚಯಿಸಿದೆವು. ಅಲ್ಲಿ ಒಂದೇ ಕಾರಿಗೆ ಜಾಗ. "ಮಾರಿಬಿಡಿ ಅಪ್ಪ" ಎಂದು ಮಗನೂ ಹೇಳಿದನು. ಇಪ್ಪತ್ತು ವರ್ಷದಲ್ಲಿ ಅದಕ್ಕೆ ಸುರಿದ ಹಣ ನಲವತ್ತು ಸಾವಿರ ಡಾಲರಿಗೆ ಕಡಮೆಯಿಲ್ಲ. ಆದರೆ ಮಾರ್ಪಡಿಸಿದ ಬಂಡಿಗೆ ಹಾಕಿದ ಹಣ ಮರಳಿ ಬರುವುದು ಅಪರೂಪ. ಬೇರೊಬ್ಬನ ಅಳತೆಗೆ ಹೊಲಿದ ಅಂಗಿಯನ್ನು ಹೊಲಿಗೆಯ ಕೂಲಿ ಸೇರಿಸಿ ಯಾರು ಕೊಳ್ಳುತ್ತಾರೆ? ಇದನ್ನೆಲ್ಲ ಯೋಚಿಸಿ ೨೮,೦೦೦ ಡಾಲರೆಂದು ಬೆಲೆ ಕಟ್ಟಿದೆವು.

ಮಾರುವುದಕ್ಕೆ ಮುಂಚೆ ಎಣ್ಣೆ ಬದಲಿಸೋಣವೆಂದು, ಹಳೆಯ ಎಣ್ಣೆ ಸೋಸುವ ಡಬ್ಬಿಯನ್ನು ವಾಡಿಕೆಯಂತೆ ಕೊಯ್ದು ಒಳಗಿನ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿದೆವು. ಅದರ ಮಡಿಕೆಗಳಲ್ಲಿ ತಾಮ್ರದ ಬಣ್ಣದ ಸಣ್ಣ ಹುಡಿ ಮಿನುಗಿತು. ತಿಳಿದವರಿಗೆ ಇದರ ಅರ್ಥ ಸ್ಪಷ್ಟ. ಎಂಜಿನ್ನಿನ ಮುಖ್ಯ ದಂಡ ತಿರುಗುವ ಕಡೆ ಇರುವ ಬೇರಿಂಗುಗಳ ಮೇಲ್ಪದರ ಸವೆದು ಒಳಗಿನ ತಾಮ್ರದ ಪದರ ಕಾಣಿಸಿಕೊಂಡಿದೆ. ಎಂಜಿನ್ನು ಬಿಸಿಯಾಗಿ ನಿಧಾನವಾಗಿ ತಿರುಗುವಾಗ ಮೊದಲು ೩೦ ಪೌಂಡು ತೋರಿಸುತ್ತಿದ್ದ ಎಣ್ಣೆಯ ಒತ್ತಡ ಈಗ ೧೫ಕ್ಕೆ ಇಳಿದಿತ್ತು. ಬೀದಿಯಲ್ಲಿ ಮೆಲ್ಲಗೆ ಓಡಿಸಿದರೆ ಕೆಲವು ಕಾಲ ನಡೆದೀತು. ಕಾಲು ಮೈಲಿಯ ಓಟಕ್ಕೆ ಒಡ್ಡಿದರೆ ಯಾವ ದಿನವಾದರೂ ಒಡೆದೀತು. ಎಂಜಿನ್ನು ಬಿಚ್ಚಿ ಸರಿಪಡಿಸುವುದಕ್ಕೆ ನಾಲ್ಕು ಸಾವಿರ ಡಾಲರಾದರೂ ಬೇಕು.

ಪರಿಚಿತರೊಬ್ಬರೊಡನೆ ಈ ಮಾತು ಬಂದಾಗ ಅವರು ಹೇಳಿದ ಉಪಾಯ ಬಹಳ ಸುಲಭದ್ದು. "ಅತಿ ಗಟ್ಟಿಯಾದ ಎಣ್ಣೆ ಹಾಕಿಬಿಡಿ. ಒತ್ತಡದ ಮುಳ್ಳು ಮೇಲೇರುತ್ತದೆ. ಹಳೆಯ ಬಂಡಿ, ಇದ್ದ ಸ್ಥಿತಿಯಲ್ಲಿ ಮಾರಾಟ ಎಂದು ಬರೆದುಕೊಟ್ಟರೆ ಆಯಿತು. ಕಾನೂನು ನಿಮ್ಮನ್ನೇನೂ ಕೇಳುವುದಿಲ್ಲ." ಅವರು ಕೆಟ್ಟವರಲ್ಲ, ಲೋಕದಲ್ಲಿ ನಡೆಯುವುದನ್ನು ಹೇಳಿದರು. ನಾಲ್ಕು ಸಾವಿರ ಡಾಲರು ನಮಗೂ ಸಣ್ಣ ಮೊತ್ತವಲ್ಲ. ಗಟ್ಟಿ ಎಣ್ಣೆಯ ಡಬ್ಬಿಗಳನ್ನು ತಂದೂ ತಂದೆವು. ಸತ್ಯವನ್ನು ಮುಚ್ಚಿ ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಆ ಡಬ್ಬಿಗಳು ಗ್ಯಾರೇಜಿನ ಹಲಗೆಯ ಮೇಲೆ ಮೂರು ದಿನ ಕುಳಿತಿದ್ದವು. ಮೂರು ದಿನವೂ ನಮಗೆ ನೆನಪಾದದ್ದು ಚುಂಚನಕಟ್ಟೆಯ ದನದ ಜಾತ್ರೆ. ನಮಗೆ ಆಗ ಹನ್ನೊಂದು ವರ್ಷ. ನಮ್ಮ ತಂದೆಯವರು ಒಂದು ಹಳ್ಳಿಕಾರ್ ಎತ್ತನ್ನು ಮಾರಲು ಹೊಡೆದುಕೊಂಡು ಹೋಗಿದ್ದರು. ನೋಡಲು ಲಕ್ಷಣವಾದ ಎತ್ತು. ಕೊಳ್ಳಲು ಬಂದ ರೈತ ಬಾಯಿ ಬಿಡಿಸಿ ಹಲ್ಲು ನೋಡಿದ, ಮೈಮೇಲಿನ ಸುಳಿ ನೋಡಿದ, ಗೊರಸು ತಟ್ಟಿದ, ನಡೆಸಿ ನೋಡಿದ. ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯೂ ಕುದುರಿತು. ಕೈ ಬಿಡುವುದಕ್ಕೆ ಮುಂಚೆ ತಂದೆಯವರು ಹೇಳಿದರು: "ಅಪ್ಪಾ, ಒಂದು ಮಾತು. ಇದು ಹಾಯುತ್ತದೆ. ನಮಗೆ ಅಭ್ಯಾಸವಾಗಿದೆ, ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಹತ್ತಿರ ಬಿಡಬೇಡಿ." ಬೆಲೆ ನಲವತ್ತು ರೂಪಾಯಿ ಇಳಿಯಿತು. ದಾರಿಯಲ್ಲಿ ನಾವು ಬಾಲಬುದ್ಧಿಯಿಂದ, "ಅವನು ಕೇಳಲೇ ಇಲ್ಲವಲ್ಲ ಅಪ್ಪ, ನೀವೇಕೆ ಹೇಳಿದಿರಿ?" ಎಂದೆವು. "ಹಲ್ಲನ್ನು ಅವನು ನೋಡಬಲ್ಲ, ಗುಣವನ್ನು ನಾವೇ ಹೇಳಬೇಕು ಮಗು" ಎಂದು ಅವರು ಮುಂದೆ ನಡೆದರು. ಮಾರಿದ ಎತ್ತಿನ ಹಗ್ಗ ಅವರ ಹೆಗಲ ಮೇಲಿತ್ತು. ದನ ಮಾರಿದರೂ ಹಗ್ಗ ಕೊಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಎಣ್ಣೆಯ ಡಬ್ಬಿಗಳನ್ನು ಅಂಗಡಿಗೆ ಹಿಂದಿರುಗಿಸಿ ಬಂದು, ಒಂದು ಕಾಗದದಲ್ಲಿ ಬಂಡಿಯ ದೋಷಗಳನ್ನೆಲ್ಲ ಬರೆದೆವು. ಬೇರಿಂಗಿನ ಸವೆತ ಮೊದಲನೆಯದು. ಇಲ್ಲಿ ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಎರಚುವುದರಿಂದ ಹಳೆಯ ಬಂಡಿಗಳ ತಳವೆಲ್ಲ ತುಕ್ಕು. ನಮ್ಮದರ ಬಲಮೂಲೆಯಲ್ಲಿ ಹಿಂದಿನವರು ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಅದು ಎರಡನೆಯದು. ತಲೆಗವಚ ಹಳತಾಗಿದೆ, ಹೊಸದನ್ನು ಕೊಳ್ಳಬೇಕು ಎಂಬಲ್ಲಿಗೆ ಪಟ್ಟಿ ಮುಗಿಯಿತು. ಮನೆಯಾಕೆಗೆ ತೋರಿಸಿದೆವು. ಆಕೆ ಓದಿ ಕನ್ನಡಕ ತೆಗೆದು ಕೇಳಿದಳು: "ಕೊಳ್ಳುವವರು ಯಾರು?"

ಕೊಳ್ಳಲು ಇಬ್ಬರು ಮುಂದೆ ಬಂದಿದ್ದರು. ಒಬ್ಬ ಹಳೆಯ ಮೋಟಾರುಗಳ ವ್ಯಾಪಾರಿ. ನೋಡದೆಯೇ ೨೭,೦೦೦ ಕೊಡುತ್ತೇನೆಂದನು. ಬೇರಿಂಗಿನ ವಿಷಯ ತಿಳಿಸಿದರೆ, "ಅದರ ಚಿಂತೆ ಬೇಡ, ನನಗೇನೂ ಹೇಳಬೇಡಿ, ತಿಳಿಯದಿದ್ದರೆ ನಾನೂ ಮುಂದಿನವನಿಗೆ ಹೇಳಬೇಕಾಗಿಲ್ಲ" ಎಂದು ನಕ್ಕನು. ಇನ್ನೊಬ್ಬ ಇಪ್ಪತ್ತು ವರ್ಷದ ಹುಡುಗ, ಕೂಡಿಟ್ಟದ್ದು ೨೪,೦೦೦, ಭಾನುವಾರ ಅಜ್ಜನ ಜೊತೆಯಲ್ಲಿ ಬರುವೆನೆಂದಿದ್ದನು. ಇದನ್ನು ಕೇಳಿ ಆಕೆ, "ಹುಡುಗನಿಗೆ ಕೊಡುವುದಾದರೆ ಈ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿದೆ. ಆ ರಾತ್ರಿಯ ಮಾತು. ಎಂಜಿನ್ನಿನ ದೋಷ ಹೇಳಿ ಇದನ್ನು ಬಿಟ್ಟರೆ ಅರ್ಧ ಹೇಳಿದ ಹಾಗೆ" ಎಂದಳು.

ಅದು ನಮ್ಮೊಬ್ಬರ ಮಾತಲ್ಲ, ಮಗನ ಮಾತು. ಸಿಯಾಟಲಿಗೆ ದೂರವಾಣಿ ಮಾಡಿ ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದನು. ಕಾಲು ಕಳೆದುಕೊಂಡಷ್ಟೇ ಆದ ಆ ಗೆಳೆಯನ ಹುಟ್ಟಿದ ಹಬ್ಬಕ್ಕೆ ಇಪ್ಪತ್ತೆರಡು ವರ್ಷದಿಂದಲೂ ಅವನು ತಪ್ಪದೆ ಮಾತನಾಡುತ್ತಾನೆಂಬುದು ನಮಗೆ ಅಂದೇ ತಿಳಿದದ್ದು. ಕೊನೆಗೆ, "ಹೇಳಿ ಅಪ್ಪ. ನನ್ನ ಹೆಸರನ್ನೂ ಹೇಳಿ" ಎಂದನು.

ಭಾನುವಾರ ಅಜ್ಜನೂ ಮೊಮ್ಮಗನೂ ಬಂದರು. ಅಜ್ಜ ಫ್ಲಿಂಟ್ ನಗರದ ಮೋಟಾರು ಕಾರ್ಖಾನೆಯಲ್ಲಿ ದುಡಿದಿದ್ದವರು. ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವೊಂದನ್ನು ತೆಗೆದು ಬಂಡಿಯ ಮೈಮೇಲೆಲ್ಲ ಮೆಲ್ಲಗೆ ಸರಿಸುತ್ತ ಹೋದರು. ಕಬ್ಬಿಣವಿದ್ದ ಕಡೆ ಅದು ಕಚ್ಚಿಕೊಳ್ಳುತ್ತದೆ. ಪುಟ್ಟಿಯಿದ್ದ ಕಡೆ ಜಾರಿ ಕೈಗೆ ಬೀಳುತ್ತದೆ. ಬಲಮೂಲೆಯಲ್ಲಿ ಅದು ಬಿತ್ತು. ಅಜ್ಜ ನಮ್ಮ ಮುಖ ನೋಡಿದರು. ಚುಂಚನಕಟ್ಟೆಯ ರೈತನೇ ಎದುರಿಗೆ ನಿಂತಂತಾಯಿತು. ನಾವು ಕಾಗದವನ್ನು ಅವರ ಕೈಗೆ ಕೊಟ್ಟು, ಕೊಯ್ದ ಸೋಸುವ ಕಾಗದವನ್ನೂ ಬಿಸಿಲಿಗೆ ಹಿಡಿದು ತೋರಿಸಿದೆವು. ಅವರು ಅದನ್ನು ಬೆರಳಿನಿಂದ ಮುಟ್ಟಿ, "ಇದು ನನ್ನ ಅಯಸ್ಕಾಂತಕ್ಕೆ ಸಿಗುತ್ತಿರಲಿಲ್ಲ" ಎಂದರು. ತಾಮ್ರವನ್ನು ಅಯಸ್ಕಾಂತ ಹಿಡಿಯುವುದಿಲ್ಲವಷ್ಟೆ.

ಹುಡುಗ ಇದಾವುದನ್ನೂ ಕೇಳುತ್ತಿರಲಿಲ್ಲ. ಆಸನದಲ್ಲಿ ಕುಳಿತು ಚುಕ್ಕಾಣಿಯನ್ನು ಸವರುತ್ತಿದ್ದನು. "ಬೀದಿಯಲ್ಲಿ ಇದರ ಎದುರು ನಿಲ್ಲುವವರು ಯಾರೂ ಇರಲಾರರು, ಅಲ್ಲವೆ?" ಎಂದು ಕೇಳಿದನು. ನಾವು ಪಕ್ಕದ ಬಾಗಿಲು ತೆರೆದು ಅವನ ಬಳಿ ಕುಳಿತೆವು. ಎಲ್ಲವನ್ನೂ ಹೇಳಿದೆವು: ದೂರವಾಣಿ ಬಂದ ಹೊತ್ತು, ಕಂಬ, ಆಸ್ಪತ್ರೆಯಲ್ಲಿ ಆ ಹುಡುಗನ ತಾಯಿ ನಮ್ಮ ಮನೆಯಾಕೆಯ ಕೈ ಹಿಡಿದು ಅತ್ತದ್ದು, ನಮ್ಮ ಮಗ ಮಾತು ಬಿಟ್ಟದ್ದು. ಉಪದೇಶ ಮಾಡಲಿಲ್ಲ; ಮಾಡುವ ಯೋಗ್ಯತೆ ನಮಗೆ ಉಂಟೆಂದೂ ತೋರಲಿಲ್ಲ. ವಚನ ಕೇಳಲಿಲ್ಲ, ಕೇಳಿದ್ದರೆ ಅವನು ಕೊಡುತ್ತಿದ್ದನು, ಆದರೆ ಬಂಡಿಗೋಸ್ಕರ ಕೊಟ್ಟ ವಚನದ ಬೆಲೆ ಎಷ್ಟು? ಮೈಲನ್ನಿನ ಓಟದ ಚೀಟಿಗಳನ್ನು ಒಂದು ಕಟ್ಟು ಮಾಡಿಟ್ಟಿದ್ದೆವು. ಅದನ್ನು ಅವನ ಕೈಯಲ್ಲಿಟ್ಟು, "ಇದರಲ್ಲಿ ಬಂಡಿಯ ಗುಣವೆಲ್ಲ ಇದೆ. ಬೀದಿಯಲ್ಲಿ ಓಡಿಸಿದವನಿಗೆ ಇಂಥ ಒಂದು ಚೀಟಿಯೂ ಸಿಗುವುದಿಲ್ಲ" ಎಂದಷ್ಟೇ ಹೇಳಿದೆವು. ಹುಡುಗನ ಕೈ ಚುಕ್ಕಾಣಿಯ ಮೇಲೆ ಸುಮ್ಮನಾಯಿತು. ಕಿಟಕಿಯ ಹೊರಗೆ ಅಜ್ಜ ಬೇರೆ ಕಡೆಗೆ ಮುಖ ತಿರುಗಿಸಿಕೊಂಡು ನಿಂತಿದ್ದರು.

ಬೆಲೆ ೨೨,೦೦೦ಕ್ಕೆ ನಿಂತಿತು. ವ್ಯಾಪಾರಿ ಕೊಡುತ್ತೇನೆಂದದ್ದಕ್ಕಿಂತ ಐದು ಸಾವಿರ ಕಡಮೆ. ಉಳಿದ ಎರಡು ಸಾವಿರಕ್ಕೆ ಇನ್ನಷ್ಟು ಸೇರಿಸಿ ಚಳಿಗಾಲದಲ್ಲಿ ಎಂಜಿನ್ನು ಬಿಚ್ಚುವುದಾಗಿಯೂ, ಕೆಲಸವನ್ನು ತಾವೇ ಕಲಿಸುವುದಾಗಿಯೂ ಅಜ್ಜ ಹೇಳಿದರು. ಮರುದಿನ ಮೂವರೂ ಸೆಕ್ರೆಟರಿ ಆಫ್ ಸ್ಟೇಟ್ ಕಛೇರಿಗೆ ಹೋಗಿ ಒಡೆತನದ ಪತ್ರಕ್ಕೆ ರುಜು ಹಾಕಿದೆವು. ಬಂಡಿಯನ್ನು ಹೇರಿಕೊಂಡು ಹೋಗುವ ಗಾಡಿಯನ್ನು ತಂದಿದ್ದರು. ಹೇರುವ ಮುಂಚೆ ನಾವು ಸ್ಕ್ರೂಡ್ರೈವರ್ ತಂದು ಬಂಡಿಯ ಹಿಂದಿನ ನಂಬರು ಫಲಕವನ್ನು ಬಿಚ್ಚಿಕೊಂಡೆವು. ಮಿಶಿಗನ್ನಿನ ಕಾನೂನಿನಂತೆ ಫಲಕ ಮಾರಿದವನದೇ. ಬಂಡಿಯ ಜೊತೆಗೆ ಹೋಗುವುದಿಲ್ಲ. ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಹಗ್ಗ ಬಂತೆ?" ಎಂದಳು. ಜಾತ್ರೆಯ ಕಥೆಯನ್ನು ಆಕೆಗೆ ಎಂದೋ ಒಮ್ಮೆ ಹೇಳಿದ್ದೆವು, ನೆನಪಿಟ್ಟುಕೊಂಡಿದ್ದಳು.

ಬರಿದಾದ ಗ್ಯಾರೇಜಿನಲ್ಲಿ ಎಣ್ಣೆಯ ಕಲೆ ಮಾತ್ರ ಉಳಿಯಿತು. ಆ ಚಳಿಗಾಲವೆಲ್ಲ, ರಾತ್ರಿ ದೂರದಲ್ಲಿ ಯಾವುದಾದರೂ ಬಂಡಿ ಗುಡುಗಿದರೆ ನಮ್ಮ ಎದೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಹೇಳಬೇಕಾದುದನ್ನು ಹೇಳಿದ್ದೆವು, ಮಾರಿದವನ ಕೈಯಲ್ಲಿರುವುದು ಅಷ್ಟೇ. ಅಷ್ಟರಿಂದ ಸಮಾಧಾನ ಬರುತ್ತದೆಂದು ಹೇಳಿದರೆ ಸುಳ್ಳಾದೀತು.

ಈ ಮೇ ತಿಂಗಳಿನಲ್ಲಿ ಅಜ್ಜನಿಂದ ಒಂದು ಕಾಗದ ಬಂದಿತು. ಎಂಜಿನ್ನು ಬಿಚ್ಚಿದಾಗ ಬೇರಿಂಗುಗಳು ನಾವು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಸವೆದಿದ್ದುವೆಂದೂ, ಹುಡುಗನೇ ಹೊಸವನ್ನು ಕೂರಿಸಿದನೆಂದೂ ಬರೆದಿದ್ದರು. ಜೊತೆಗೆ ಮೈಲನ್ನಿನ ಒಂದು ಚೀಟಿ. ಹುಡುಗ ಗಾಜಿನ ಮೇಲೆ ೧೨.೯೦ ಎಂದು ಬರೆದು, ೧೨.೯೧ರಲ್ಲಿ ಓಡಿ, ಮೊದಲ ಸುತ್ತು ಗೆದ್ದು, ಎರಡನೆಯದರಲ್ಲಿ ಸೋತಿದ್ದನು.

ಮನೆಯಾಕೆಗೆ ಓದಿ ಹೇಳಿದೆವು. ಆಕೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, ಚೀಟಿಯನ್ನು ಕೈಗೆ ತೆಗೆದುಕೊಂಡು ಕೇಳಿದಳು: "ಸೋತದ್ದು ಹೇಗೆ? ಹೇಳಿದ್ದಕ್ಕಿಂತ ಹೆಚ್ಚು ಓಡಿಸಿದನೆ?"

"ಇಲ್ಲ. ಹೊರಡುವುದರಲ್ಲಿ ತಡವಾಯಿತಂತೆ."

"ಹಾಗಾದರೆ ಚಿಂತೆಯಿಲ್ಲ" ಎಂದು ಆಕೆ ಚೀಟಿಯನ್ನು, ಸಣ್ಣ ಮನೆಯ ಗೋಡೆಗೆ ನಾವು ಮೊಳೆ ಹೊಡೆದು ತಗುಲಿಸಿದ್ದ ನಂಬರು ಫಲಕದ ಹಿಂದೆ ಸಿಕ್ಕಿಸಿದಳು.